ಚಳಿಗಾಲಕ್ಕೆ ನಮ್ಮ ಹಿತ್ತಲು ಸಜ್ಜಾದ ಬಗೆ

ಅಕ್ಟೋಬರ್ ಬಂತೆಂದರೆ ನಮ್ಮನೆ ಹಿತ್ತಲಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಆದರೆ ಮೊದಲ ವರ್ಷ ಆದಷ್ಟು ಮತ್ತೆಂದೂ ಆಗಲಿಲ್ಲ. ಎಪ್ಪತ್ತರ ದಶಕದ ಶುರು. ಅಮೆರಿಕದ ಕೆಂಡಲ್ ಪಾರ್ಕ್‌ನಲ್ಲಿ ಆಗಷ್ಟೇ ಪುಟ್ಟ ಮನೆ ಕೊಂಡಿದ್ದೆವು. ಹಿಂದೆ ನಾಲ್ಕು ಪಾತಿ, ಮೂರು ಮೇಪಲ್ ಮರ. ನಾನು ಮೈಸೂರಿನವಳು, ನನ್ನವರು ಧಾರವಾಡದವರು. ಇಬ್ಬರಿಗೂ ಹಿಮ ಗೊತ್ತಿಲ್ಲ, ತೋಟವೂ ಗೊತ್ತಿಲ್ಲ. ಸಾಲದ್ದಕ್ಕೆ ಧಾರವಾಡದಿಂದ ಅತ್ತೆ ಬಂದಿದ್ದರು.

೧. ಎಲೆ

ಮರ ಮೂರೂ ಒಂದೇ ವಾರದಲ್ಲಿ ಕೆಂಪಾದವು. ಚಹಾ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತ ಅತ್ತೆ, ಚಹಾ ಆರಿ ಹೋದರೂ ಏಳಲಿಲ್ಲ. "ಕುಂಕುಮದ ಭರಣಿ ಬೋರಲ ಹಾಕಿಧಂಗ ಅದ ನೋಡು" ಅಂದರು.

ಆಮೇಲೆ ಉದುರತೊಡಗಿತು. ಬಿದ್ದ ಎಲೆ ಹಾಗೇ ಬಿಟ್ಟರೆ ಅಡಿಯ ಹುಲ್ಲು ಕೊಳೆಯುತ್ತದಂತೆ. ನನ್ನವರು ಶನಿವಾರವಿಡೀ ಗುಡಿಸಿ, ರಾಶಿ ಹಾಕಿ, ಸೊಂಟ ಹಿಡಿದುಕೊಂಡು ನಿಂತರು. ನೆಲದ ಮೇಲೆ ಒಂದೇ ಒಂದು ಎಲೆ ಇರಲಿಲ್ಲ. ಅತ್ತೆ ತಲೆಯೆತ್ತಿ ನೋಡಿ ಕೇಳಿದರು, "ಮ್ಯಾಲೆ ಇನ್ನೂ ಭಾಳ ಅದಾವಲ್ಲೋ ತಮ್ಮಾ, ಅಲ್ಲೆ ಯಾವಾಗ ಕಸಾ ಹೊಡೀತಿ?"

೨. ಚಾದರ

ಇಂದು ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬೀಳುತ್ತದೆ, ಗಿಡಕ್ಕೆ ಏನಾದರೂ ಹೊದಿಸಿ ಎಂದು ರೇಡಿಯೋದವನು ಹೇಳಿದ. ಮೆಣಸಿನ ಗಿಡದಲ್ಲಿ ಇನ್ನೂ ಕಾಯಿ ಇತ್ತು. ಆ ಕಾಲದಲ್ಲಿ ಅಲ್ಲಿ ಹಸಿಮೆಣಸಿನಕಾಯಿ ಎಂದರೆ ಬಂಗಾರ. ನನ್ನವರು ಮನೆಯ ಚಾದರವನ್ನೆಲ್ಲ ಒಯ್ದು ಹೊದಿಸಿದರು. ಸಾಲದೆಂದು ಕಂಬಳಿಗಳನ್ನೂ ಒಯ್ದರು.

ಬೆಳಿಗ್ಗೆ ಬಾಗಿಲು ತೆಗೆದರೆ ಲೋಕವೇ ಬೇರೆ. ಒಂದೊಂದು ಹುಲ್ಲಿನ ಎಸಳಿಗೂ ಬಿಳಿ ಅಂಚು, ಬೇಲಿಗೆಲ್ಲ ಸಕ್ಕರೆ ಪುಡಿ. ಕಾಲಿಡಲು ಮನಸ್ಸು ಬರಲಿಲ್ಲ. ಉಸಿರು ಬಿಗಿಹಿಡಿದು ಚಾದರ ಎತ್ತಿದೆವು. ಒಳಗೆ ಮೆಣಸಿನಕಾಯಿ ಹಚ್ಚಹಸಿರಾಗಿ ನಗುತ್ತಿದ್ದವು.

ಗಿಡಗಳಿಗೆ ಏನೂ ಆಗಲಿಲ್ಲ. ನೆಗಡಿಯಾದದ್ದು ನಮಗೆ, ಮೂವರಿಗೂ.

೩. ಪಕ್ಕದ ಮನೆ

ಪಕ್ಕದಲ್ಲಿ ಇಟಲಿಯಿಂದ ಬಂದ ಮುದುಕ, ಅವನ ಹೆಂಡತಿ. ಆಕೆ ದಿನಾ ಬೇಲಿಯಾಚೆಯಿಂದ ಅತ್ತೆಗೆ ಕೈ ಬೀಸುತ್ತಿದ್ದಳು. ಎರಡು ವಾರದಿಂದ ಕಂಡಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆ ಕಿಟಕಿಯಿಂದ ಕೂಗಿದರು. ಓಡಿ ಬಂದು ನೋಡಿದೆ. ಮುದುಕ ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿದ್ದ. ಅದರೊಳಗೆ ಹಳೇ ಓವರ್‌ಕೋಟು ತೊಡಿಸಿ ಹಗ್ಗದಿಂದ ಬಿಗಿದ ಏನನ್ನೋ ಮಲಗಿಸುತ್ತಿದ್ದ. ಮೇಲೆ ಮಣ್ಣು ಎಳೆದ. ಟೋಪಿ ತೆಗೆದು ಬೆವರು ಒರೆಸಿಕೊಂಡ. ನಮಗೆ ಅದು ಕಣ್ಣೊರೆಸಿಕೊಂಡಂತೆ ಕಂಡಿತು.

"ಹೆಂಡ್ತೀನ್ನ ಹಿತ್ತಲದಾಗ ಹುಗದಾನ ನೋಡು" ಎಂದು ಅತ್ತೆ ಒಲೆ ಆರಿಸಿಬಿಟ್ಟರು. "ಬಾಜೂಕ ಸಾವಾಗೇದ, ಅಡಿಗಿ ಹೆಂಗ ಮಾಡ್ತಿ?" ಇಬ್ಬರೂ ತಲೆಗೆ ಸ್ನಾನ ಮಾಡಿದೆವು.

ಸಂಜೆ ಹಸಿದು ಬಂದ ನನ್ನವರಿಗೆ ಊಟದ ಬದಲು ಅಪ್ಪಣೆ ಸಿಕ್ಕಿತು: "ಹೋಗಿ ಎರಡು ಮಾತು ಹೇಳಿ ಬಾ." ಟೈ ಕೂಡ ಬಿಚ್ಚದೆ ಹೋದರು.

"ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ" ಅಂದರಂತೆ.

"ದುಃಖ ಯಾಕೆ? ಪ್ರತಿ ವರ್ಷ ಹೂಳ್ತೀನಿ. ಏಪ್ರಿಲ್‌ನಲ್ಲಿ ಎದ್ದು ಬರ್ತಾಳೆ" ಅಂದನಂತೆ ಮುದುಕ.

ನನ್ನವರ ಮುಖ ಬಿಳುಚಿದ್ದು ಕಂಡು ಅವನೇ ಬಿಡಿಸಿ ಹೇಳಿದ. ಅದು ಅವನ ಅಂಜೂರದ ಮರ. ಊರಿಂದ ತಂದ ಕಡ್ಡಿ ನೆಟ್ಟು ಬೆಳೆಸಿದ್ದು. ಇಲ್ಲಿನ ಚಳಿಗೆ ನಿಂತಲ್ಲೇ ಸಾಯುತ್ತದೆ. ಅದಕ್ಕೆ ಒಂದು ಕಡೆಯ ಬೇರು ಸಡಿಲಿಸಿ, ಬಗ್ಗಿಸಿ, ಕೋಟು ತೊಡಿಸಿ ಮಣ್ಣೊಳಗೆ ಮಲಗಿಸುತ್ತಾನೆ. ಹೆಂಡತಿ ಬ್ರೂಕ್ಲಿನ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು.

ಅತ್ತೆ ನಂಬಲಿಲ್ಲ. ಹೆಂಡತಿ ಮರಳಿ ಬಂದು ಕೈ ಬೀಸಿದ ಮೇಲೂ, "ಮರಾ ಹುಗದರ ಬದಕ್ತದೇನು?" ಅನ್ನುತ್ತಲೇ ಇದ್ದರು.

ಏಪ್ರಿಲ್ ಬಂತು. ಬೇಲಿಗೆ ಒರಗಿ ಮೂವರೂ ನಿಂತೆವು. ಮುದುಕ ಮಣ್ಣು ಸರಿಸಿದ, ಕೋಟು ಬಿಚ್ಚಿದ, ಗಂಡ ಹೆಂಡತಿ ಹಗ್ಗ ಹಿಡಿದು ಎಳೆದರು. ಮರ ನಿಧಾನಕ್ಕೆ ಎದ್ದು ನಿಂತಿತು. ಕೊಂಬೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು.

ಆಮೇಲೆ ಮಗನ ತೋಳು ಜಗ್ಗಿ ಮೆಲ್ಲಗೆ ಅಂದರು, "ಮುಂದಿನ ಥಂಡಿಗೆ ನನ್ನೂ ಒಮ್ಮೆ ಹಿಂಗ ಹುಗೀತಾನೇನು ಕೇಳೋ ತಮ್ಮಾ. ಈ ಮೊಣಕಾಲರೆ ನೆಟ್ಟಗ ಆದಾವು."