ಮನೆಯೆದುರಿಗೆ ಬಂದ ಮೆಟ್ರೋ

ಅಧಿಕಾರವಿಲ್ಲದವನ ಕೈಗೆ ಒಂದಿಷ್ಟು ಅಧಿಕಾರ ಸಿಕ್ಕಿದರೆ ಅವನು ಮೊದಲು ಏನು ಮಾಡುತ್ತಾನೆ ಎಂಬುದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಸ್ವತಃ ಮಾಡಿ ತಿಳಿದದ್ದು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನೇ ಕುವೈತಿನ ಮೆಟ್ರೋ ಹಳಿಯನ್ನು ಸ್ವಲ್ಪ ಎಡಕ್ಕೆ ಎಳೆದು, ಸಲ್ವಾದಲ್ಲಿರುವ ನನ್ನ ಬಾಡಿಗೆ ಮನೆಯ ಎದುರಿಗೆ ತಂದು, ಅಲ್ಲೊಂದು ನಿಲ್ದಾಣವನ್ನೂ ಕಟ್ಟಿಬಿಟ್ಟೆ.

ಗಾಬರಿಯಾಗಬೇಡಿ. ಕುವೈತಿನಲ್ಲಿ ಮೆಟ್ರೋ ಇಲ್ಲ. ಅದರ ಮಾತಿದೆ, ನಕ್ಷೆಗಳಿವೆ. ನಾನು ಸಿಟಿಯ ಒಂದು ಸಣ್ಣ ಎಂಜಿನಿಯರಿಂಗ್ ಕಚೇರಿಯಲ್ಲಿ ನಕ್ಷೆ ಬಿಡಿಸುವವನು. ನಮ್ಮ ಕಚೇರಿಯ ಬೀರುವಿನಲ್ಲಿ ಇದೇ ಊರಿನ ಮೆಟ್ರೋ ನಕ್ಷೆಗಳು ಹಲವು ತಲೆಮಾರಿನವು ಮಲಗಿವೆ. ತೀರಾ ಹಳೆಯದು ಟ್ರೇಸಿಂಗ್ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು. ಅದರಲ್ಲಿ ರೈಲು ನೆಲದ ಮೇಲೆ ಓಡುತ್ತದೆ. ಆಮೇಲಿನದರಲ್ಲಿ ನೆಲದಡಿಗೆ ಇಳಿದಿದೆ. ಇನ್ನೊಂದರಲ್ಲಿ ಕಂಬಗಳ ಮೇಲೆ ಹತ್ತಿದೆ. ಒಂದರಲ್ಲಂತೂ ಯಾರದೋ ಕೈತಪ್ಪಿನಿಂದ ಕೊನೆಯ ನಿಲ್ದಾಣ ಸಮುದ್ರದೊಳಗಿದೆ. ಹೊಸ ಪ್ರಸ್ತಾವಕ್ಕೆ ಮತ್ತೊಂದು ನಕ್ಷೆ ಬೇಕಾಯಿತು. ಅದು ನನ್ನ ಪಾಲಿಗೆ ಬಂತು.

ಇಷ್ಟನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನನ್ನ ಹೆಂಡತಿ ವಿನಯಾ ಸಿಟಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ನನ್ನನ್ನು ಬೆಳಿಗ್ಗೆ ಕಚೇರಿಯ ವ್ಯಾನು ಬಾಗಿಲಿನಿಂದಲೇ ಎತ್ತಿಕೊಂಡು ಹೋಗುತ್ತದೆ. ಅವಳು ಆಮೇಲೆ ಹೊರಟು ಬಸ್ಸು ಹಿಡಿಯುತ್ತಾಳೆ. ಮನೆಯೆದುರು ಮೆಟ್ರೋ ನಿಲ್ದಾಣ ಎಂದಾಗ ಅವಳ ಮುಖ ಅರಳಿದ ರೀತಿ ನೋಡಿ, ಚಿನ್ನದ ಬಳೆ ತಂದುಕೊಟ್ಟಿದ್ದರೂ ಇಷ್ಟು ಅರಳುತ್ತಿರಲಿಲ್ಲ ಎನ್ನಿಸಿತು. ಮಗಳು ಮಾತ್ರ ಫೋನಿನಿಂದ ತಲೆಯೆತ್ತದೆ, "ಪಪ್ಪಾ, ಇಟ್ಸ್ ಜಸ್ಟ್ ಎ ಡ್ರಾಯಿಂಗ್" ಎಂದಳು.

ಸುದ್ದಿ ವಿನಯಾಳಿಂದ ಕೆಳಗಿನ ಬಕಾಲಾಕ್ಕೆ ಹೋಯಿತು. ಆ ದಿನಸಿ ಅಂಗಡಿಯ ಹಮೀದ್ ಭಾಯಿ ಬಂಟ್ವಾಳದ ಕಡೆಯ ಬ್ಯಾರಿ. ಮೊಸರು ತರಲು ಹೋದ ನನ್ನನ್ನು ಹಿಡಿದು ನಿಲ್ಲಿಸಿದರು.

"ಮಾರಾಯ್ರೆ, ಮೀನಾ ಅಬ್ದುಲ್ಲಾಕ್ಕೆ ಒಂದು ಲೈನ್ ಹಾಕಿ. ನನ್ನ ಭಾವ ಅಲ್ಲಿ ರಿಫೈನರಿಯಲ್ಲಿರುದು. ಈದಿಗೆ ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ."

"ನೋಡುವ," ಎಂದೆ, ಮಂತ್ರಿಗಳ ಗತ್ತಿನಲ್ಲಿ. "ಡ್ರೈವರ್ ಇಲ್ಲದ ರೈಲು, ಗೊತ್ತುಂಟಾ?"

"ಡ್ರೈವರೇ ಇಲ್ವಾ? ಹಾಗಾದ್ರೆ ಸ್ವಲ್ಪ ನಿಲ್ಲಿಸಿ ಅಂತ ಯಾರತ್ರ ಹೇಳುದು?"

ಮೊಸರು ಹಿಡಿದು ಮನೆಗೆ ಬಂದೆ. ಮರುದಿನ ಮೀನಾ ಅಬ್ದುಲ್ಲಾದವರೆಗೆ ಒಂದು ಚುಕ್ಕಿಗೆರೆ ಎಳೆದೆ.

ನಮ್ಮ ಹಿರಿಯ ಎಂಜಿನಿಯರ್ ಹಿಶಾಮ್ ಈಜಿಪ್ಟಿನವರು. ಕನ್ನಡಕವನ್ನು ಹಣೆಗೇರಿಸಿಕೊಂಡು ನಕ್ಷೆಯನ್ನು ಮೂಸುವಷ್ಟು ಹತ್ತಿರದಿಂದ ನೋಡುವವರು. ಅವರ ಕಣ್ಣು ಚುಕ್ಕಿಗೆರೆಯನ್ನು ದಾಟಿ ಮುಂದೆ ಹೋಯಿತು. ಸಲ್ವಾದ ಮೇಲೆ ಬೆರಳಿಟ್ಟು, ಸಹಕಾರಿ ಅಂಗಡಿಯ ಹಿಂದೆ ನೇರ ಹೋಗಬೇಕಾದ ಈ ಗೆರೆ ಇಲ್ಲಿ ಬಾಗಿದ್ದೇಕೆ ಎಂದು ಕೇಳಿದರು.

"ಇಲ್ಲಿ ಪ್ರಯಾಣಿಕರು ಹೆಚ್ಚು ಸರ್," ಎಂದೆ. ನಾಲಿಗೆ ತಡವರಿಸಲಿಲ್ಲ. ಅದೇ ನನಗೆ ಆಶ್ಚರ್ಯ.

"ಹಾಗೋ? ಶನಿವಾರ ಬೆಳಿಗ್ಗೆ ಎರಡೂ ಜಾಗದ ಬಸ್ ಸ್ಟಾಪಿನಲ್ಲಿ ನಿಂತು ಜನರನ್ನು ಎಣಿಸು. ಭಾನುವಾರ ಲೆಕ್ಕ ತಂದುಕೊಡು. ಯಲ್ಲಾ, ಹೊರಡು!"

ಇಲ್ಲಿ ಕಚೇರಿಯ ವಾರ ಶುರುವಾಗುವುದೇ ಭಾನುವಾರ; ಶನಿವಾರ ನನಗೆ ರಜೆ, ವಿನಯಾಳಿಗೆ ಕೆಲಸ. ಅವಳು ಹೊರಡುವಾಗ ನಾನು ಸಾಮಾನ್ಯವಾಗಿ ಗೊರಕೆಯಲ್ಲಿರುತ್ತೇನೆ. ಅಂದು ಅವಳಿಗಿಂತ ಮೊದಲೇ ಎದ್ದು, ಕಚೇರಿಯ ಕೆಲಸವೆಂದಷ್ಟೇ ಹೇಳಿ ಹೊರಬಿದ್ದೆ. ಮೊದಲು ನಮ್ಮ ಮನೆಯೆದುರಿನ ಬಸ್ ಸ್ಟಾಪಿನಲ್ಲಿ ನಿಂತೆ. ಮುಕ್ಕಾಲು ಗಂಟೆಯಲ್ಲಿ ಬಂದವರು ಮೂವರು. ಅವರಲ್ಲೊಬ್ಬ ವಿಳಾಸ ಕೇಳಿಕೊಂಡು ಹೋದ.

ಆಮೇಲೆ ಜಮಿಯಾದ ಹಿಂದಿನ ಸ್ಟಾಪಿಗೆ ನಡೆದೆ. ಜಮಿಯಾ ಎಂದರೆ ಬಡಾವಣೆಯ ಸಹಕಾರಿ ಅಂಗಡಿ. ಎರಡು ದೊಡ್ಡ ರಸ್ತೆ ದಾಟಿ ಅಲ್ಲಿಗೆ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ನೋಡಿದರೆ ಸಾಲುಸಾಲು ಜನ. ಮನೆಗೆಲಸದ ಹೆಂಗಸರು, ಹೋಟೆಲಿನ ಹುಡುಗರು, ಕಾವಲುಗಾರರು. ಕಾಗದದ ಮೇಲೆ ಗೀಟು ಹಾಕುತ್ತಾ ಹೋದೆ. ನೀಲಿ ಛತ್ರಿ ಹಿಡಿದ ಹೆಂಗಸೊಬ್ಬಳು ಬೇಗಬೇಗ ಬಂದಳು. ಅವಳಿಗೂ ಒಂದು ಗೀಟು ಹಾಕಿದೆ. ಛತ್ರಿ ಮಡಚಿದಾಗ ನೋಡುತ್ತೇನೆ, ವಿನಯಾ!

"ನೀವೆಂತ ಇಲ್ಲಿ?"

"ಜನ ಎಣಿಸ್ತಾ ಇದ್ದೇನೆ. ನೀನೆಂತ ಇಲ್ಲಿ?"

"ಎಂತ ಅಂದ್ರೆ? ನಾನು ದಿನಾ ಬಸ್ಸು ಹತ್ತುದು ಇಲ್ಲೇ ಅಲ್ವಾ?"

"ಮನೆ ಎದುರೇ ಸ್ಟಾಪ್ ಉಂಟಲ್ಲ?"

"ಆ ಬಸ್ಸು ಸಿಟಿ ಕಡೆಗೆ ಹೋಗುದೇ ಇಲ್ಲ."

"ನೀನು ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ," ಎಂದಳು. ಸಿಟ್ಟೇನೂ ಇರಲಿಲ್ಲ, ತರಕಾರಿಯ ದರ ಹೇಳುವ ಹಾಗೆ ಹೇಳಿದಳು. "ಮನೆ ಎದುರು ಮೆಟ್ರೋ ಬರ್ತದೆ ಅಂದ್ರಲ್ಲ, ಇನ್ನು ಈ ಬಿಸಿಲಲ್ಲಿ ನಡಿಲಿಕ್ಕಿಲ್ಲ ಅಂತ ಖುಷಿ ಆಗಿತ್ತು."

ಬಸ್ಸು ಬಂತು. ಅವಳು ಹತ್ತಿ ಹೋದಳು. ಕೈಯಲ್ಲಿ ಕಾಗದ ಹಿಡಿದು ನಾನು ಅಲ್ಲೇ ನಿಂತೆ. ಆ ಹೊತ್ತಿಗೆ ನನ್ನ ತಲೆಗೆ ಬಂದ ಮೊದಲ ಯೋಚನೆ, ಎರಡು ಲೆಕ್ಕಗಳನ್ನು ಅದಲುಬದಲು ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು. ಹೆಂಡತಿಗಾಗಿ ಎಂಬ ಒಳ್ಳೆಯ ನೆಪವೂ ಈಗ ಇತ್ತು. ಆದರೆ ಆಗಲೇ ವಯಸ್ಸಾದ ಸಿಂಹಳದ ಹೆಂಗಸೊಬ್ಬಳು ಕುಂಟುತ್ತ ಬಂದು, ಬಸ್ಸು ತಪ್ಪಿತೆಂದು ಕಟ್ಟೆಯ ಮೇಲೆ ಕುಳಿತು ಕಾಲು ನೀವಿಕೊಳ್ಳತೊಡಗಿದಳು. ನಾನು ಅವಳಿಗೂ ಒಂದು ಗೀಟು ಹಾಕಿದೆ.

ಭಾನುವಾರ ಹಿಶಾಮರ ಮುಂದೆ ಲೆಕ್ಕವನ್ನೂ ತಪ್ಪನ್ನೂ ಒಟ್ಟಿಗೆ ಒಪ್ಪಿಸಿದೆ. ಕೆಲಸ ಹೋಯಿತೆಂದೇ ಎಣಿಸಿದ್ದೆ. ಅವರು ಚಹಾ ಕುಡಿಯುತ್ತಲೇ, "ಕಾರಣವಿಲ್ಲದೆ ಬಾಗಿದ ಗೆರೆಯ ತುದಿಯಲ್ಲಿ ಯಾರದಾದರೂ ಮನೆ ಇರುತ್ತದೆ. ಎಷ್ಟು ಕಂಡಿಲ್ಲ ನಾನು! ಖಲಾಸ್, ಹೋಗಿ ನೇರ ಮಾಡು," ಎಂದರು.

ಸಂಜೆ ವಿನಯಾಳಿಗೆ, ಗೆರೆ ನೇರವಾಯಿತು, ನಿಲ್ದಾಣ ಇನ್ನು ಮನೆಯೆದುರಿಗಿಲ್ಲ ಎಂದೆ. ಅವಳು ಅಕ್ಕಿ ತೊಳೆಯುತ್ತಲೇ, "ಜಮಿಯಾದ ಹಿಂದೆ ಹಾಕಿದ್ರಾ? ಒಳ್ಳೇದಾಯ್ತು. ಅಲ್ಲಿಗೆ ಕಾಲುನೋವಿನ ಒಬ್ಬರು ಹೆಂಗಸು ಬರ್ತಾರೆ, ಪಾಪ," ಎಂದಳು.

ನಕ್ಷೆ ಹೋಗಬೇಕಾದಲ್ಲಿಗೆ ಹೋಯಿತು. ಪ್ರಸ್ತಾವ ಒಪ್ಪಿಗೆಯಾಗಲಿಲ್ಲ, ಅದರ ಪ್ರತಿ ಬೀರುವಿನಲ್ಲಿ ಅಣ್ಣಂದಿರ ಪಕ್ಕ ಮಲಗಿದೆ. ನಾನು ಮಾತ್ರ ಲೆಕ್ಕ ಕೊಟ್ಟ ವಾರದ ಶನಿವಾರವೇ ಹೆಂಡತಿಯನ್ನು ಬಸ್ಸು ಹತ್ತಿಸಿ ಬರುವುದೆಂದು ಶೂರನಂತೆ ಜೊತೆಗೆ ಹೊರಟೆ. ಎರಡನೆಯ ರಸ್ತೆ ದಾಟುವಾಗ ನನಗೆ ಏದುಸಿರು. "ನಿಮ್ಮನ್ನು ಕಾಯ್ತಾ ನಿಂತ್ರೆ ಬಸ್ಸು ಹೋಗ್ತದೆ. ನೀವು ನಿಧಾನ ಬನ್ನಿ," ಎಂದವಳೇ ಛತ್ರಿಯನ್ನು ನನ್ನ ಕೈಗಿತ್ತು ಓಡಿದಳು. ನಾನು ತಲುಪಿದಾಗ ಬಸ್ಸೂ ಇರಲಿಲ್ಲ, ಅವಳೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಬಂಗಾಳಿಯೊಬ್ಬ, ಸಿಟಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹಿಂದಿಯಲ್ಲಿ ಕೇಳಿದ. ಗೊತ್ತಿಲ್ಲವೆಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿ, "ನಯೇ ಆಯೇ ಹೋ ಕ್ಯಾ, ಭಾಯಿ?" ಎಂದ.

ಈ ಊರಿಗೆ ಬಂದು ಹನ್ನೊಂದು ವರ್ಷವಾಗಿದೆ. "ಹೌದು ಭಾಯಿ, ಹೊಸಬ," ಎಂದೆ. ಅವನು ಸರಿದು ನೆರಳಿನಲ್ಲಿ ಜಾಗ ಮಾಡಿಕೊಟ್ಟ.