ಹುಳದ ಸರ್ಟಿಫಿಕೇಟು

ಮಂಜೇಶನ ಹೆಬ್ಬೆರಳು ಜಾರದೆ ಇದ್ದಿದ್ದರೆ ಆ ಭಾನುವಾರ ಅವನು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದ.

ಕಣ್ಣು ಬಿಟ್ಟವನೇ ಹಾಸಿಗೆಯಲ್ಲೇ ಫೋನು ಹಿಡಿದಿದ್ದ. ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಂಕಜಾ ಆಂಟಿ ಒಂದು ವಿಡಿಯೊ ಹಾಕಿದ್ದರು: 'ಕುಲಾಂತರಿ ಜೋಳ: ಹುಳವೂ ಮುಟ್ಟದ್ದನ್ನು ಮನುಷ್ಯ ಮುಟ್ಟಬಹುದೆ?' ಅದನ್ನು ದಾಟಿಸಿ ಮುಂದೆ ಹೋಗಲು ಹೊರಟ ಹೆಬ್ಬೆರಳು ತಪ್ಪಿ, ವಿಡಿಯೊದ ಕೆಳಗೆ ಹಳದಿ ಬಣ್ಣದ ಇನ್ನೊಂದು ಹೆಬ್ಬೆರಳನ್ನು ಮೂಡಿಸಿತು.

ಹಿಂದೆಯೇ ಫೋನು ಹೊಡೆದುಕೊಂಡಿತು.

"ಮಂಜೇಶ್, ನಿನಗಾದ್ರೂ ಅವೇರ್‌ನೆಸ್ ಇದೆಯಲ್ಲ. ಇವತ್ತು ಸಂಜೆ ನಮ್ಮನೆ ಬ್ಯಾಕ್‌ಯಾರ್ಡಲ್ಲಿ ಜೋಳ ಸುಡೋ ಪ್ರೋಗ್ರಾಮ್. ಜೋಳ ನಿನ್ನ ಜವಾಬ್ದಾರಿ."

ಪಂಕಜಾ ಆಂಟಿ ಈಸ್ಟ್ ಬ್ರನ್ಸ್‌ವಿಕ್‌ನವರು, ಕೂಟದ ಅಧ್ಯಕ್ಷೆ. ಮಂಜೇಶ ಕೂಟದ ಊಟದ ಕಮಿಟಿಯವನು. ಆ ಕಮಿಟಿಯ ಒಳಗೆ ಹೋಗುವುದು ಸುಲಭ, ಯುಗಾದಿಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರೆ ಸಾಕು. ಹೊರಗೆ ಬಂದವರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ ಕೇಪ್ ಮೇ ಸಮುದ್ರಕ್ಕೆ ಹೋಗೋಣ ಎಂದು ಅವನು ಪ್ರತಿವರ್ಷ ಹೆಂಡತಿ ಹಂಸಾಗೆ ಮಾತು ಕೊಡುತ್ತಿದ್ದ. ಪ್ರತಿವರ್ಷ ಅದೇ ರಜೆಯಲ್ಲಿ ಕೂಟದ ಗಣೇಶನ ಹಬ್ಬ ಬರುತ್ತಿತ್ತು, ಅವನು ಪುಳಿಯೋಗರೆಯ ಟ್ರೇ ಹೊರುತ್ತಿದ್ದ. "ಈ ಸಲ ನೀವು ಬರದಿದ್ರೆ ಇನ್ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ" ಎಂದು ಹಂಸಾ ಹೇಳಿದ್ದಳು. ಹೇಳುವಾಗ ನಕ್ಕಿರಲಿಲ್ಲ.

"ಜೋಳ ತರ್ತೀನಿ ಆಂಟಿ. ಆದ್ರೆ ಲೇಬರ್ ಡೇಗೆ ನನ್ನ ಬಿಟ್ಬಿಡಿ."

"ಒಳ್ಳೇ ಜೋಳ ತಾ, ಬಿಡೋಣ. ಕುಲಾಂತರಿ ಮಾತ್ರ ಆಗ್ಕೂಡದು."

"ನಾನ್-ಜಿಎಂಓ ಸ್ಟಿಕ್ಕರ್ ಇರೋದೇ ತರ್ತೀನಿ."

"ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸ್ತಾರೆ ಕಣೋ. ಹುಳ ಇರ್ಬೇಕು. ಹುಳ ಸುಳ್ಳು ಹೇಳಲ್ಲ."

ಮಂಜೇಶ ಎದ್ದು ಕೂತ.

"ಆದ್ರೆ ನಮ್ಮತ್ತೆ ಮೈಸೂರಿಂದ ಬಂದಿದಾರೆ. ತುಂಬಾ ಮಡಿ. ಹುಳ ಕಂಡ್ರೆ ತಟ್ಟೆ ಬಿಟ್ಟು ಎದ್ಬಿಡ್ತಾರೆ. ಅದಕ್ಕೆ ಹುಳ ಇರ್ಲೂಬಾರ್ದು."

"ಅಂದ್ರೆ?"

"ಬಂದು ಹೋಗಿರ್ಬೇಕು. ವಿಸಿಟರ್ ವೀಸಾ ಥರ."

ಕೆಂಡಲ್ ಪಾರ್ಕಿನ ಮನೆಯಿಂದ ಕಾರು ಹೊರತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಮುರುಗೆಪ್ಪ ಕರೆಯದೆಯೇ ಹತ್ತಿ ಕೂತಿದ್ದರು. ಧಾರವಾಡದವರು, ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಎಂಜಿನಿಯರು. ಯಾರು ಏನು ಕೊಳ್ಳಲು ಹೊರಟರೂ ಅದರ ಬಗ್ಗೆ ಅವರಿಗೆ ಗೊತ್ತಿರುತ್ತಿತ್ತು.

"ನೀವು ಮುಸುಕಿನ ಜೋಳ ಅಂತೀರಿ, ನಾವು ಗೋವಿನ ಜೋಳ ಅಂತೀವಿ" ಎಂದರು ಸೀಟ್‌ಬೆಲ್ಟ್ ಎಳೆಯುತ್ತ. "ದನಕ್ಕ ಹಾಕೂದನ್ನ ಸುಟ್ಟು ಪಾರ್ಟಿ ಮಾಡ್ತೀರಿ. ಆಗ್ಲಿ, ಜವಾರಿ ಮಾಲು ಹೆಂಗ ಆರಿಸ್ಬೇಕು ನಾ ತೋರಿಸ್ತೀನಿ."

ಕ್ರಾನ್‌ಬರಿ ಕಡೆಯ ಹೊಲದಂಚಿನ ಅಂಗಡಿಯಲ್ಲಿ ಮೇಜಿನ ತುಂಬ ಜೋಳದ ರಾಶಿ. ಪಕ್ಕದಲ್ಲಿ 'ಸಿಪ್ಪೆ ಸುಲಿದು ನೋಡಬೇಡಿ' ಎಂಬ ಬೋರ್ಡು. ಮುರುಗೆಪ್ಪ ಬೋರ್ಡಿಗೇ ಒರಗಿ ನಿಂತು ಸುಲಿಯತೊಡಗಿದರು. "ಮುಸುಕು ತಗೀದ ಮಾರಿ ನೋಡೂದು ಹೆಂಗ್ರೀ?" ತೆನೆಗಳು ಟೂತ್‌ಪೇಸ್ಟಿನ ಜಾಹೀರಾತಿನಂತೆ ಹಲ್ಲು ಕಿರಿದವು. ಒಂದರಲ್ಲೂ ಹುಳವಿಲ್ಲ.

ಹುಲ್ಲಿನ ಟೋಪಿ ಹಾಕಿದ ಅಂಗಡಿಯಾಕೆ ಓಡಿಬಂದಳು. "ನಂಬಿಕೆಯಿಂದ ತಗೊಳ್ಳಿ, ನಮ್ಮ ಜೋಳದಲ್ಲಿ ಹುಳ ಇರಲ್ಲ" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿದಳು.

"ಅದೇ ತೊಂದರೆ" ಎಂದ ಮಂಜೇಶ. "ನಮಗೆ ಹುಳ ಇರೋದೇ ಬೇಕಿತ್ತು."

ಆಕೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮುಖ ಅರಳಿತು. "ಓ, ಕೋಳಿಗಳಿಗಾ?"

ಪಂಕಜಾ ಆಂಟಿಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆಂದು ಮಂಜೇಶ ಯೋಚಿಸುತ್ತಿರುವಾಗಲೇ ಮುರುಗೆಪ್ಪ "ಹೌದು, ಕೋಳಿಗಳಿಗೇ. ಸಂಜೆಗೆ ಬಹಳ ಕೋಳಿ ಸೇರ್ತಾವೆ" ಎಂದುಬಿಟ್ಟರು.

ಆಕೆ ಮೇಜಿನ ಕೆಳಗಿಂದ ಒಂದು ಬುಟ್ಟಿ ಎಳೆದಳು. ತುದಿ ಕಂದುಗಟ್ಟಿ ತೂತು ಬಿದ್ದ ತೆನೆಗಳು, ತೂತಿನಲ್ಲಿ ಕೊಬ್ಬಿದ ಹುಳಗಳು. "ಎಸೆಯೋಕೆ ಇಟ್ಟಿದ್ದೆ. ಇದು ಬೇರೆ ತಳಿ. ಯಾವುದು ಅಂತ ಹೇಳ್ಲಾ?"

"ಬೇಡ ಬೇಡ" ಎಂದ ಮಂಜೇಶ, ಹುಳವನ್ನು ತೊಟ್ಟಿಲ ಮಗುವಿನಂತೆ ನೋಡುತ್ತ. "ಇವರೇ ಹೇಳ್ತಿದಾರಲ್ಲ."

ಆಕೆ ದುಡ್ಡು ಮುಟ್ಟಲಿಲ್ಲ. ಇನ್ನೂ ಬೇಕಾದರೆ ಬುಟ್ಟಿಯ ಮೇಲಿನ ನಂಬರಿಗೆ ಫೋನ್ ಮಾಡಿ ಎಂದಳು.

ಮಧ್ಯಾಹ್ನವೆಲ್ಲ ಮಂಜೇಶ ಗ್ಯಾರೇಜಿನಲ್ಲಿ ಕೂತು, ಹಂಸಾಳ ಹೇರ್‌ಪಿನ್ನಿನಿಂದ ವೀಸಾ ಮುಗಿದವರನ್ನು ಒಬ್ಬೊಬ್ಬರನ್ನಾಗಿ ಹೊರಹಾಕಿದ. ನೆಲದ ಮೇಲೆ ಬಿಟ್ಟರೆ ಹಂಸಾ ಕಿರುಚುತ್ತಾಳೆಂದು ಖಾಲಿ ಮೊಸರಿನ ಡಬ್ಬಿಯೊಂದಕ್ಕೆ ತುಂಬಿ ಮುಚ್ಚಳ ಹಾಕಿದ. ಅವರ ಮನೆಯಲ್ಲಿ, ಅವರಂಥ ಎಲ್ಲರ ಮನೆಯಲ್ಲಿ, ಮೊಸರಿನ ಡಬ್ಬಿಯಲ್ಲಿ ಮೊಸರು ಇರುವುದು ಒಂದೇ ಸಲ. ಆಮೇಲೆ ಅದರಲ್ಲಿ ಸಾರಿನ ಪುಡಿ ಇರಬಹುದು, ಮೊಳೆ ಇರಬಹುದು. ಹಂಸಾ ಉಪ್ಪು, ಖಾರ, ನಿಂಬೆರಸ ಕಲಸಿ ಇಟ್ಟದ್ದೂ ಅಂಥದೇ ಡಬ್ಬಿಯಲ್ಲಿ. ಸಾಮಾನನ್ನು ಕಾರಿಗೆ ಏರಿಸಿದವರು ಮುರುಗೆಪ್ಪ.

ಸಂಜೆ ಪಂಕಜಾ ಆಂಟಿಯ ಹಿತ್ತಲಲ್ಲಿ ಅವರ ಗಂಡ ಪ್ರಭಾಕರ ಅಂಕಲ್ ಬೆವರುತ್ತ ಜೋಳ ಸುಟ್ಟರು. ಕೂಟದವರೆಲ್ಲ ತಿಂದರು. "ಇದಪ್ಪ ಊರಿನ ರುಚಿ" ಎಂದರು ಒಬ್ಬರು. "ಅಂಗಡೀದು ಬರೀ ಪ್ಲಾಸ್ಟಿಕ್" ಎಂದರು ಇನ್ನೊಬ್ಬರು. ಆಂಟಿ ಒಂದು ತೆನೆಯ ಕಂದು ತುದಿಯನ್ನು ಎಲ್ಲರಿಗೂ ಬೆಂಡೋಲೆಯಂತೆ ತೋರಿಸಿಕೊಂಡು ಬಂದು, "ಮಂಜೇಶ್, ಲೇಬರ್ ಡೇಗೆ ನೀನು ಫ್ರೀ" ಎಂದು ಘೋಷಿಸಿದರು. ಹಂಸಾ ನಾಲ್ಕು ಜನರ ಎದುರು ಗಂಡನನ್ನು ನೋಡಿ ನಕ್ಕಳು. ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಆಗ ಆಂಟಿಯ ಅತ್ತೆ ದೇವಮ್ಮ ಖಾರಕ್ಕೆಂದು ಡಬ್ಬಿಯ ಮುಚ್ಚಳ ತೆಗೆದರು. ಕನ್ನಡಕ ಏರಿಸಿ ನೋಡಿದರು.

"ಪಂಕಜಾ, ಖಾರ ಓಡಾಡ್ತಾ ಇದೆ ನೋಡು."

ಆಂಟಿಯ ಮುಖ ಬಿಳಿಚಿತು. ಮಂಜೇಶನ ಕಾಲ ಕೆಳಗೆ ಕೇಪ್ ಮೇಯ ಮರಳು ಜಾರಿದಂತಾಯಿತು.

"ಯಾಕ್ರೇ ಹಿಂಗೆ ನಿಂತ್ರಿ?" ಎಂದರು ದೇವಮ್ಮ. "ಬುಟ್ಟಿಗಟ್ಲೆ ಅವರೆಕಾಯಿ ಬಿಡಿಸ್ದೋಳು ನಾನು. ಹುಳಕ್ಕೆ ಹೆದರ್ಕೊಂಡ್ರೆ ಹಿತ್ಕಿದ ಬೇಳೆ ಸಾರು ತಿನ್ನೋದ್ಯಾವಾಗ? ಉಪ್ಪಾದ್ರೂ ಕೊಡಿ ಇತ್ಲಾಗೆ."

ಆಂಟಿಗೆ ಜೀವ ಬಂತು. ಡಬ್ಬಿಯನ್ನು ಎತ್ತಿ ಹಿಡಿದು "ನೋಡಿ ಎಲ್ಲರೂ. ಲೈವ್ ಸರ್ಟಿಫಿಕೇಟು" ಎಂದರು. ಜನ ಫೋಟೊ ತೆಗೆದರು. ಗಣೇಶನ ಹಬ್ಬಕ್ಕೂ ಇದೇ ಜೋಳ ಎಂದು ಅಲ್ಲೇ ತೀರ್ಮಾನವಾಗಿ, ಪ್ರಭಾಕರ ಅಂಕಲ್ ಬುಟ್ಟಿಯ ಮೇಲಿನ ನಂಬರಿಗೆ ಫೋನ್ ಮಾಡಿ, ಬುಟ್ಟಿಯ ವಿಷಯ ಹೇಳಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಓ, ಹುಳದ ಬುಟ್ಟಿಯವರಾ" ಎಂದಿತು ಅಂಗಡಿಯಾಕೆಯ ದನಿ. "ಹೇಗಿದಾವೆ ನಿಮ್ಮ ಕೋಳಿಗಳು? ಇಷ್ಟಪಟ್ಟು ತಿಂದ್ವಾ?"

ತೆನೆ ಕಚ್ಚಿ ಹಿಡಿದಿದ್ದ ಇಡೀ ಕೂಟ ಅಗಿಯುವುದನ್ನು ನಿಲ್ಲಿಸಿತು.

"ಅದು ನಾನ್-ಜಿಎಂಓ ತಾನೆ?" ಎಂದು ಆಂಟಿ ಮೆಲ್ಲಗೆ ಕೇಳಿದರು.

"ಇಲ್ಲ, ಬುಟ್ಟೀದೇ ಜಿಎಂಓ. ಹುಳ ಬರಲ್ಲ ಅಂತ ಹಾಕಿದ್ವಿ. ಮೊದಮೊದಲು ಬರ್ತಿರಲಿಲ್ಲ, ಈಗ ಅವಕ್ಕೂ ಅಭ್ಯಾಸ ಆಗ್ಹೋಗಿದೆ. ಮೇಜಿನ ಮೇಲಿತ್ತಲ್ಲ ಚೆಂದದ್ದು, ಅದು ಮಾಮೂಲಿ ತಳಿ. ಅದಕ್ಕೆ ನಮ್ಮವರು ಬಿಡದೆ ಔಷಧಿ ಹೊಡೀತಾರೆ. ನಿಮಗೆ ಯಾವುದು ಕಳಿಸ್ಲಿ?"

ಅಂಕಲ್ ಫೋನ್ ಕತ್ತರಿಸಿದರು.

"ಹುಳಕ್ಕ ಗ್ರೀನ್ ಕಾರ್ಡ್ ಸಿಕ್ಕೇತಿ ನೋಡ್ರೀ" ಎಂದು ಮುರುಗೆಪ್ಪ ಇನ್ನೊಂದು ತೆನೆಗೆ ಕೈಚಾಚಿದರು. ಊರಿನ ರುಚಿ ಕಂಡಿದ್ದವರಿಗೆ ನಾಲಿಗೆ ತುರಿಸತೊಡಗಿತು. ಪ್ಲಾಸ್ಟಿಕ್ ಎಂದಿದ್ದವರು ಹೊಟ್ಟೆ ಒತ್ತಿಕೊಂಡು ಲಾನ್ ಚೇರಿನಲ್ಲಿ ಕುಸಿದರು.

"ಕುಲಾಂತರಿ ಅಂದ್ರೇನು ಮಗಾ?" ಎಂದು ದೇವಮ್ಮ ಮಂಜೇಶನನ್ನು ಕೇಳಿದರು.

"ಬೇರೆ ಕುಲದ್ದನ್ನ ತಂದು ಇದರೊಳಗೆ ಸೇರಿಸಿರ್ತಾರೆ ಅಜ್ಜಿ."

"ಓ, ನಮ್ಮ ಧ್ರುವ್ ಥರ" ಎಂದರು ದೇವಮ್ಮ, ಉಯ್ಯಾಲೆಯಲ್ಲಿದ್ದ ಕೆಂಚುಗೂದಲ ಮರಿಮಗನನ್ನು ತೋರಿಸಿ. "ಅವರಮ್ಮ ಐರ್ಲೆಂಡ್ ಕಡೆಯೋಳಂತೆ. ಮಗು ಮುದ್ದಾಗೇ ಇದೆಯಲ್ಲ, ಏನಾಗಿದೆ ಅದಕ್ಕೆ?" ಎಂದು ತೆನೆ ತಿರುಗಿಸಿ ಇನ್ನೊಂದು ಸಾಲು ಹಿಡಿದರು.

ಪಂಕಜಾ ಆಂಟಿ ಮೊಮ್ಮಗನನ್ನು ನೋಡಿದರು, ತೆನೆಯನ್ನು ನೋಡಿದರು, ಕೊನೆಗೆ ಮಂಜೇಶನನ್ನು ನೋಡಿದರು.

"ಒಳ್ಳೇ ಜೋಳ ತಂದ್ರೆ ಬಿಡ್ತೀನಿ ಅಂದಿದ್ದೆ."

"ಹುಳ ಬಂದು ಹೋಗಿರೋದೇ ತಂದಿದೀನಲ್ಲ ಆಂಟಿ."

"ತಂದಿದ್ದು ಒಳ್ಳೇದಾ ಕೆಟ್ಟದ್ದಾ ನಾನೊಬ್ಬಳೇ ಹೇಳೋಕಾಗಲ್ಲ. ಊಟದ ಕಮಿಟಿ ತೀರ್ಮಾನ ಮಾಡ್ಬೇಕು. ಅಲ್ಲೀವರೆಗೂ ನೀನು ಕಮಿಟೀಲೇ ಇರು."

"ಕಮಿಟೀಲಿ ಬೇರೆ ಯಾರ್ಯಾರಿದಾರೆ?"

"ಸದ್ಯಕ್ಕೆ ನೀನೇ."

ಹಿಂದಿನಿಂದ ಹಂಸಾಳ ದನಿ ಕೇಳಿತು. ಅವಳು ದೇವಮ್ಮನ ಪಕ್ಕ ಕುರ್ಚಿ ಎಳೆದುಕೊಂಡಿದ್ದಳು. "ಅಜ್ಜಿ, ನೀವು ಇಲ್ಲಿಯ ಸಮುದ್ರ ನೋಡಿದೀರಾ?"

"ಇಲ್ಲ ಕಣಮ್ಮ. ಯಾರು ಕರ್ಕೊಂಡು ಹೋಗ್ತಾರೆ?"

ಮಂಜೇಶ ಡಬ್ಬಿ ಎತ್ತಿಕೊಂಡು ಕಾರಿನಲ್ಲಿ ಹೋಗಿ ಕೂತ. ಮುಚ್ಚಳ ಸರಿಸಿದ. ಒಳಗೆ ಹುಳಗಳು ತಮ್ಮ ಜೊತೆ ಬಿದ್ದಿದ್ದ ನಾಲ್ಕು ಕಾಳನ್ನು, ಯಾವ ತಳಿಯೆಂದು ಯಾರನ್ನೂ ಕೇಳದೆ, ತಿನ್ನುತ್ತಿದ್ದವು.