ಓಸ್ಲೊ ಹೋಟೆಲಿಗೆ ಒಂಬತ್ತು ಬೇಡಿಕೆ

ನನಗೆ ಬರಬೇಕಾದ್ದು ನನ್ನ ಪಕ್ಕದಲ್ಲಿ ನಿಂತವನಿಗೆ ಹೋಗುವುದು ಹೊಸದೇನಲ್ಲ. ಮಾರಿಕಣಿವೆ ನೀರಿನ ಧರಣಿಯಲ್ಲಿ ಗಂಟಲು ಹರಿದುಕೊಂಡವನು ನಾನು. ಪೇಪರಿನಲ್ಲಿ ಬಂದದ್ದು ನನ್ನ ಹಿಂದೆ ಕಡಲೆಕಾಯಿ ತಿನ್ನುತ್ತಿದ್ದವನ ಫೋಟೊ. ಇಂಥವು ಎಷ್ಟೋ ನಡೆದಿವೆ, ಈಗಲೂ ನಡೆಯುತ್ತಿವೆ. ಆದರೆ ಈ ಓಸ್ಲೊ ಪ್ರಕರಣದಷ್ಟು ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದಿಲ್ಲ.

೧. ಮೇಲ್ ಬಂತು

ನಮ್ಮ ಹೋಬಳಿಯಲ್ಲಿ ಕುರಿಗಾರರದ್ದೊಂದು ಸಣ್ಣ ಸಂಘವಿದೆ. ನಾನು ಅಧ್ಯಕ್ಷ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸರ್ಕಾರಿ ಆದೇಶಗಳನ್ನು ಓದಿ ಓದಿ ಇಂಗ್ಲಿಷ್ ಕಲಿತೆ. ಉಪಾಧ್ಯಕ್ಷ ಬಾಯೇ ಬಿಡದ ಆಸಾಮಿ. ನಾರ್ವೆಯವರು ನಮ್ಮ ಕುರಿ ನೋಡಲು ಬಂದ ದಿನ ನಾನು ಚಿತ್ರದುರ್ಗದಲ್ಲಿ ಧರಣಿ ಕೂತಿದ್ದೆ. ಇವನು ಹೆಗಲ ಮೇಲೆ ಮರಿ ಹೊತ್ತು ಸುಮ್ಮನೆ ನಿಂತಿದ್ದ. ಅಷ್ಟಕ್ಕೇ, ಓಸ್ಲೊದಲ್ಲಿ ಕುರಿಗಾರರ ಸಮ್ಮೇಳನವಿದೆ, ಬನ್ನಿ ಎಂದು ಅವನಿಗೆ ಕರೆ ಬಂತು. ಅವನಿಗೆ ಬರಲಾಗದಿದ್ದರೆ ಸಂಘದ ಇನ್ನೊಬ್ಬರು ಬರಬಹುದು ಎಂಬ ಸಾಲೂ ಇತ್ತು. ಆ ಸಾಲನ್ನು ನಾನು ಹನ್ನೊಂದು ಸಲ ಓದಿದೆ. ಮರುದಿನವೇ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

"ಅಣ್ಣಾ, ಈ ಓಸ್ಲೊ ಎಲ್ಲಿ ಬರ್ತೈತೆ?" ಎಂದು ಉಪಾಧ್ಯಕ್ಷ ಕೇಳಿದ.

"ಹಿರಿಯೂರು ದಾಟಿ," ಅಂದೆ.

೨. ಮೂರರಲ್ಲಿ ಒಂದು

ಸಮ್ಮೇಳನದವರು ಮೂರು ಹೋಟೆಲುಗಳ ವಿವರ ಕಳಿಸಿ, ಉಳಿಯಲು ಒಂದನ್ನು ಆರಿಸಿ ಎಂದಿದ್ದರು. ಆರಿಸುವ ಕೆಲಸ ನನ್ನ ತಲೆಗೆ ಬಂತು. ಹೋಗುವವನು ಅವನು, ಕೋಣೆ ಹುಡುಕುವವನು ನಾನು! ಜಗುಲಿಯ ಮೇಲೆ ಕೂತು ಫೋನಿನಲ್ಲಿ ಫೋಟೊ ತೋರಿಸಿದೆ. ಅವನು ಮಂಚ ನೋಡಲಿಲ್ಲ, ಟೀವಿ ನೋಡಲಿಲ್ಲ. ಹೊಲದಲ್ಲಿ ರಾತ್ರಿಗೆ ಕುರಿ ತರುಬಿ ಮಲಗಿಸಲು ಜಾಗ ನೋಡುವವನ ಹಾಗೆ ಶುರು ಮಾಡಿದ.

"ಗಾಳಿ ಯಾವ ಕಡೆಯಿಂದ ಬೀಸ್ತೈತೆ? ನೀರು ಎಷ್ಟು ದೂರ? ಬೆನ್ನಿಗೆ ಗುಡ್ಡ ಐತಾ? ತೋಳದ ಕಾಟ?"

"ಲೇ, ಅದು ರಾಜಧಾನಿ ಕಣಲೇ!"

"ಹಂಗಾದ್ರೆ ಜಾಸ್ತೀನೇ ಇರ್ತಾವೆ ಬಿಡಣ್ಣ," ಅಂದ.

೩. ಅವರ ದೂರುಗಳು

ಅವನು ಮನೆಗೆ ಹೋದ ಮೇಲೆ, ಆ ಹೋಟೆಲುಗಳಲ್ಲಿ ತಂಗಿದ್ದವರು ಬರೆದ ದೂರುಗಳನ್ನು ಓದಿದೆ. ಒಬ್ಬನಿಗೆ ಕೋಣೆ ತೀರಾ ನಿಶ್ಶಬ್ದವಂತೆ. ಇನ್ನೊಬ್ಬಳಿಗೆ ತಿಂಡಿಗೆ ಆರೇ ಬಗೆಯ ಬ್ರೆಡ್ಡಂತೆ. ಮತ್ತೊಬ್ಬ, ಕಿಟಕಿಯಿಂದ ಸಮುದ್ರ ಕಾಣುತ್ತದೆ, ಆದರೆ ಓರೆಯಾಗಿ ಕಾಣುತ್ತದೆ ಎಂದು ಸಿಟ್ಟು ಮಾಡಿಕೊಂಡಿದ್ದ. ಮೂವತ್ತು ವರ್ಷ ದೂರು ಬರೆದವನು ನಾನು. ಇಷ್ಟು ಸುಖದ ದೂರು ಬರೆಯುವ ಯೋಗ ಒಂದು ದಿನವೂ ನನಗೆ ಬರಲಿಲ್ಲ.

ಹೊಟ್ಟೆಕಿಚ್ಚಿಗೆ, ಅತಿ ಹೆಚ್ಚು ದೂರು ಇದ್ದ ಹೋಟೆಲನ್ನೇ ಆರಿಸಿದೆ. ರಾಗಿ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಕೇಳಿದಳು, "ಅಷ್ಟು ಜನ ಬೈದಿರೋದನ್ನೇ ಯಾಕ್ರೀ ಆರಿಸಿದ್ರಿ?"

"ಜನ ರೊಚ್ಚಿಗೆದ್ದ ಕಡೆ ಚಳವಳಿಗೆ ಜಾಗ ಇರ್ತೈತೆ," ಅಂದೆ.

೪. ಮನವಿ

ಊಟ, ಚಳಿ ಇತ್ಯಾದಿಗೆ ಏನು ಬೇಕೋ ಹೋಟೆಲಿಗೆ ನೇರವಾಗಿ ಬರೆಯಿರಿ ಎಂದಿದ್ದರು. "ನೀನೇ ಬರಿಯಣ್ಣ," ಅಂದ ಉಪಾಧ್ಯಕ್ಷ. ನನಗೆ ಬರುವುದು ಒಂದೇ ತರಹದ ಪತ್ರ. ಅದನ್ನೇ ಬರೆದೆ, ಬೇಕೆಂದೇ ಖಾರವಾಗಿ ಬರೆದೆ. ಓದಿದವರು ಹೆದರಿ ಇವನನ್ನು ಬೇಡ ಅನ್ನಲಿ, ಇನ್ನೊಬ್ಬರನ್ನು ಕಳಿಸಿ ಎನ್ನಲಿ ಎಂಬುದು ನನ್ನ ಲೆಕ್ಕ.

ಒಟ್ಟು ಒಂಬತ್ತು ಬೇಡಿಕೆ. ಬೆಳಿಗ್ಗೆ ಐದಕ್ಕೆ ಬಕೆಟ್ಟು, ಚೊಂಬಿನ ಸಮೇತ ಬಿಸಿನೀರು. ಮಂಚ ಹೊರಗೆ ಹಾಕಿ ನೆಲದ ಮೇಲೆ ಕಂಬಳಿಗೆ ಜಾಗ. ಮುದ್ದೆ ತಿರುವಲು ಒಲೆ ಮತ್ತು ಕೋಲು. ಹೀಗೇ ಸಾಗಿ, ಕೊನೆಯದು: ಸಮುದ್ರ ನೆಟ್ಟಗೆ ಕಾಣಬೇಕು. ಏಳು ದಿನದೊಳಗೆ ಈಡೇರಿಸದಿದ್ದರೆ ಹೋಟೆಲಿನ ಮುಂದೆ ಅನಿರ್ದಿಷ್ಟಾವಧಿ ಧರಣಿ. ಹೊರದಬ್ಬಿಸಿಕೊಳ್ಳಬೇಕಾದವನು ಅವನೇ ಆದ್ದರಿಂದ ಕೆಳಗೆ ಅವನ ಹೆಸರು ಹಾಕಿದೆ. ಅದರ ಕೆಳಗೆ, ಕೈ ತಡೆಯದೆ, ಇದನ್ನೂ ಬರೆದೆ: "ಪ್ರತಿ, ಮಾಹಿತಿಗಾಗಿ: ಆ ದೇಶದ ರಾಜರಿಗೆ."

೫. ಉತ್ತರ

ಅದೇ ದಿನ ಉತ್ತರ ಬಂತು. ಒಂಬತ್ತೂ ಒಪ್ಪಿದ್ದರು. ಮುದ್ದೆ ಕೋಲಿನ ಅಳತೆ ಕಳಿಸಿ, ನಮ್ಮ ಬಡಗಿಯ ಕೈಲಿ ಮಾಡಿಸುತ್ತೇವೆ ಎಂದಿದ್ದರು. ಉತ್ತರ ನಾಲ್ಕು ಗಂಟೆ ತಡವಾದದ್ದಕ್ಕೆ ಕ್ಷಮೆ ಬೇರೆ ಕೇಳಿದ್ದರು. ಶ್ರೀರಾಂಪುರದ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಜಾಗಕ್ಕೆ ಒಂದು ತಗಡಿನ ಸೂರು ಹಾಕಿ ಎಂದು ನಾನು ಮನವಿ ಕೊಡಲು ಶುರು ಮಾಡಿದಾಗ ನನ್ನ ಮೀಸೆ ಕಪ್ಪಗಿತ್ತು.

ಉಪಾಧ್ಯಕ್ಷ ಬಂದು ಕಾಲಿಗೆ ಬಿದ್ದ. "ನಿನ್ನಷ್ಟು ನನ್ನ ಬಗ್ಗೆ ಯೋಚ್ನೆ ಮಾಡೋರು ಯಾರವ್ರೆ ಅಣ್ಣಾ?"

"ಯಾರೂ ಇಲ್ಲಪ್ಪ," ಅಂದೆ. ಅದೊಂದು ಮಾತು ಮಾತ್ರ ಸತ್ಯ.

೬. ಒಂದು ಸಲ ಬೇಡ ಅಂದೆ

ಹೋಟೆಲಿನವರು ಆ ಪತ್ರವನ್ನು ಸಮ್ಮೇಳನದವರಿಗೆ ತೋರಿಸಿದರಂತೆ. ಇಷ್ಟು ಚೆನ್ನಾಗಿ ಬೇಡಿಕೆ ಇಡುವವರು ಅದರ ಬಗ್ಗೆಯೇ ನಮ್ಮಲ್ಲಿ ಭಾಷಣ ಮಾಡಬೇಕು ಎಂದು ಮತ್ತೊಂದು ಮೇಲ್ ಬಂತು. ಉಪಾಧ್ಯಕ್ಷ ನಡುಗಿಹೋದ.

"ಭಾಷಣ ನನ್ನ ಕೈಲಿ ಆಗಾಕಿಲ್ಲ. ನನ್ನ ಬದ್ಲು ನೀನೇ ಹೋಗಣ್ಣ."

ಇದೇ ಮಾತಿಗೆ ಕಾದಿದ್ದೆ. ಪಾಸ್‌ಪೋರ್ಟೂ ಕೈಗೆ ಬಂದಿತ್ತು. ಆದರೆ ನಮ್ಮ ಕಡೆ ಯಾರು ಏನು ಕೊಟ್ಟರೂ ಮೊದಲ ಸಲಕ್ಕೆ ಬೇಡ ಅನ್ನಬೇಕು, ಎರಡನೇ ಸಲಕ್ಕೆ ತೆಗೆದುಕೊಳ್ಳಬೇಕು. "ಛೇ, ಬೇಡಪ್ಪ, ಕರೆದಿರೋದು ನಿನ್ನ," ಅಂದೆ.

"ಸರಿ ಅಣ್ಣಾ, ಹಂಗಾದ್ರೆ ಭಾಷಣ ಬರ್ಕೊಡು," ಅಂದ. ಎರಡನೇ ಸಲ ಕೇಳಲೇ ಇಲ್ಲ!

ಬರೆದುಕೊಟ್ಟೆ. ಅವನು ಹಾರಿದ. ವಾರದ ಮೇಲೆ ವಿಡಿಯೊ ಕಳಿಸಿದ. ಕಂಬಳಿ ಹೊದ್ದು ವೇದಿಕೆ ಮೇಲೆ ನಿಂತಿದ್ದಾನೆ, ಎತ್ತಿದ ಮುಷ್ಟಿ ಥೇಟ್ ನನ್ನದು. "ಬೇಕೇ ಬೇಕು!" ಎಂದು ಕೂಗಿದ. ಸಭೆಯಲ್ಲಿದ್ದ ಬಿಳಿ ಜನ ಏನು ಹೇಳಬೇಕೆಂದು ತಿಳಿಯದೆ ಮಿಕಮಿಕ ನೋಡಿದರು. ಆ ಮೌನ ನನ್ನ ಕೈಲಿ ತಡೆಯಲಾಗಲಿಲ್ಲ. ಜಗುಲಿಯ ಮೇಲೆ ಎದ್ದು ನಿಂತು, ಕೈ ಎತ್ತಿ, ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ: "ನ್ಯಾಯ ಬೇಕು!"

ಒಳಗಿನಿಂದ ಹೆಂಡತಿ ಕೇಳಿದಳು, "ಯಾರಿಗ್ರೀ?"